ನಿಮ್ಮದೇ ಇಮೇಲ್ ಐಡಿಯಿಂದ ನಿಮಗೇ ಬೆದರಿಕೆ ಬಂದರೆ ಅಕೌಂಟ್ ಹ್ಯಾಕ್ ಆಗಿದೆ ಎಂದೇ ಅರ್ಥವೇ?

"ಎಚ್ಚರಿಕೆ! ನಿಮ್ಮ ಇಮೇಲ್ ಐಡಿಯಿಂದ ನಿಮಗೇ ಮೇಲ್ ಬಂದಿದ್ದರೆ ನಿಮ್ಮ ಫೋನ್ ಹ್ಯಾಕ್ ಆಗಿದೆ ಎಂದರ್ಥ. ಕೂಡಲೇ ಮೇಲ್ ಆಪ್ ಡಿಲೀಟ್ ಮಾಡಿ, ಫೋನ್ ರೀಸೆಟ್ ಮಾಡಿ. ಈ ಮೆಸೇಜನ್ನು ನಿಮ್ಮ ಎಲ್ಲ ಗ್ರೂಪ್‌ಗಳಿಗೆ ಕಳಿಸಿ."

ಇಂಥದ್ದೊಂದು ಫಾರ್ವರ್ಡ್ ನಮ್ಮ ಮನೆಯವರ ವಾಟ್ಸ್ಆಪ್ ಗ್ರೂಪಿಗೂ ಬಂತು. ಯಾರೋ ಕೈಮುಗಿಯುವ ಚಿಹ್ನೆ ಹಾಕಿದರು, ಇನ್ಯಾರೋ "ಥ್ಯಾಂಕ್ಸ್ ಫಾರ್ ದ ಮಾಹಿತಿ" ಎಂದರು. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಶಿವಮೊಗ್ಗದಿಂದ ನನ್ನ ಸೋದರಮಾವನ ಫೋನ್. ಅವರದು ಕೃಷಿ ಪಂಪ್‌ಸೆಟ್ ಮತ್ತು ಪೈಪುಗಳ ಅಂಗಡಿ. ಆ ಹೊತ್ತಿಗೆ ಅವರು ಫೋನ್ ಮಾಡುವವರೇ ಅಲ್ಲ.

"ಪುಟ್ಟಿ, ನಿಂಗೆ ಈ ಕಂಪ್ಯೂಟರ್ ವಿಷಯ ಗೊತ್ತಲ್ಲ, ಒಂದು ಕೇಳ್ಬೇಕಿತ್ತು. ನಿಮ್ಮತ್ತೆ ಹತ್ರ ಹೇಳ್ಬೇಡ ಮಾರಾಯ್ತಿ."

ಮೂರು ದಿನದ ಹಿಂದೆ ಅವರಿಗೆ ಒಂದು ಇಂಗ್ಲಿಷ್ ಮೇಲ್ ಬಂದಿತ್ತು. ಕಳಿಸಿದವರ ಜಾಗದಲ್ಲಿ ಅವರದೇ ಅಂಗಡಿಯ ಮೇಲ್ ಐಡಿ. ಸಾರಾಂಶ ಇಷ್ಟು: "ನಿನ್ನ ಅಕೌಂಟ್ ನನ್ನ ಕೈಯಲ್ಲಿದೆ, ನಂಬದಿದ್ದರೆ ನೋಡು, ಈ ಮೇಲನ್ನು ನಿನ್ನ ಐಡಿಯಿಂದಲೇ ಕಳಿಸಿದ್ದೇನೆ. ನಿನ್ನ ಕ್ಯಾಮೆರಾದಿಂದ ನಿನ್ನ ಖಾಸಗಿ ವಿಡಿಯೋ ತೆಗೆದಿದ್ದೇನೆ. 48 ಗಂಟೆಯೊಳಗೆ ಬಿಟ್‌ಕಾಯಿನ್ ಕಳಿಸದಿದ್ದರೆ ನಿನ್ನ ಕಾಂಟ್ಯಾಕ್ಟ್‌ನಲ್ಲಿ ಇರುವವರಿಗೆಲ್ಲ ಅದು ಹೋಗುತ್ತದೆ." ಮಾವ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಬಿಟ್‌ಕಾಯಿನ್ ಎಲ್ಲಿ ಕೊಳ್ಳುವುದು ಎಂದು ಪಕ್ಕದ ಮೊಬೈಲ್ ಅಂಗಡಿಯ ಹುಡುಗನನ್ನು ವಿಚಾರಿಸಿಯೂ ಆಗಿತ್ತು. ಗಡುವು ಮುಗಿದಿತ್ತು, ಏನೂ ಆಗಿರಲಿಲ್ಲ. ಅಷ್ಟರಲ್ಲಿ ಗ್ರೂಪಿಗೆ ಈ ಫಾರ್ವರ್ಡ್ ಬಂದು ಅವರ ಭಯ ಇಮ್ಮಡಿಯಾಯಿತು.

ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ನಿಮ್ಮ ಐಡಿಯಿಂದ ನಿಮಗೆ ಮೇಲ್ ಬಂದ ಮಾತ್ರಕ್ಕೆ ಅಕೌಂಟ್ ಹ್ಯಾಕ್ ಆಗಿದೆ ಎಂದಲ್ಲ, ಫೋನ್ ಹ್ಯಾಕ್ ಆಗಿದೆ ಎಂದಂತೂ ಅಲ್ಲವೇ ಅಲ್ಲ. ಈ ಬಗೆಯ ಬೆದರಿಕೆ ಮೇಲ್‌ಗಳು 2018ರಿಂದ ಜಗತ್ತಿನಾದ್ಯಂತ ಲೆಕ್ಕವಿಲ್ಲದಷ್ಟು ಜನರಿಗೆ ಹೋಗಿವೆ, ಒಂದೇ ಒಕ್ಕಣೆ, ಹೆಸರು ಮಾತ್ರ ಬೇರೆ. ಅದನ್ನು ಬರೆಯುವುದು ಒಂದು ಪ್ರೋಗ್ರಾಂ, ಅದಕ್ಕೆ ನೀವು ಯಾರೆಂದೇ ಗೊತ್ತಿಲ್ಲ. ಆದರೆ ಮಾವ ಕೇಳಿದ ಪ್ರಶ್ನೆ ಮಾತ್ರ ನ್ಯಾಯವಾದದ್ದು: "ಮತ್ತೆ ನನ್ನ ಐಡಿ ಅಲ್ಲಿ ಹೆಂಗೆ ಬಂತು? ಪಾಸ್‌ವರ್ಡ್ ಇಲ್ದೆ ಹೆಂಗೆ ಕಳಿಸ್ತಾರೆ?"

ಇದಕ್ಕೆ ಉತ್ತರ ನನಗೆ ಪುಸ್ತಕದಿಂದ ಸಿಕ್ಕಿದ್ದಲ್ಲ. ಎಂ.ಎ. ಓದುವಾಗ ನಾನೇ ಒಮ್ಮೆ ಪೆಟ್ಟು ತಿಂದು ಕಲಿತದ್ದು.

'ಇಂದ' ಮತ್ತು 'ಗೆ'

ಶಾಲೆಯಲ್ಲಿ ಪತ್ರಲೇಖನ ಬರೆದದ್ದು ನೆನಪಿದೆಯಲ್ಲ? ಎಡಗಡೆ ಮೇಲೆ 'ಇಂದ' ಎಂದು ಬರೆದು ನಮ್ಮ ವಿಳಾಸ, ಅದರ ಕೆಳಗೆ 'ಗೆ' ಎಂದು ಬರೆದು ಅವರ ವಿಳಾಸ. 'ಇಂದ' ಎಂಬಲ್ಲಿ ನೀವು ರಾಷ್ಟ್ರಪತಿಯ ಹೆಸರು ಬರೆದರೂ ಅಂಚೆಯವರು ಕಾಗದವನ್ನು ವಾಪಸ್ ಕೊಡುವುದಿಲ್ಲ. ಅವರಿಗೆ ಬೇಕಿರುವುದು 'ಗೆ' ಮಾತ್ರ. ಇಮೇಲ್ ಕೂಡ ಹುಟ್ಟಿದ್ದು ಹೀಗೆಯೇ.

ಒಂದು ಕಂಪ್ಯೂಟರ್‌ನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಇಮೇಲ್ ಕಳಿಸಿದವರು ಅಮೆರಿಕದ ರೇ ಟಾಮ್ಲಿನ್ಸನ್, 1971ರಲ್ಲಿ. ಹೆಸರಿನ ಮುಂದೆ 'ಅಟ್' ಚಿಹ್ನೆ ಹಾಕುವ ಪದ್ಧತಿಯೂ ಅವರದೇ. ಮೇಲ್ ಸರ್ವರ್‌ಗಳು ಇಂದಿಗೂ ತಮ್ಮೊಳಗೆ ಆಡುವ ಭಾಷೆಯಾದ ಎಸ್‌ಎಂಟಿಪಿಯನ್ನು ಜಾನ್ ಪೋಸ್ಟೆಲ್ ಬರೆದಿಟ್ಟದ್ದು 1982ರಲ್ಲಿ. ಆಗ ಜಾಲದಲ್ಲಿದ್ದವರು ವಿಶ್ವವಿದ್ಯಾಲಯಗಳವರು, ಸಂಶೋಧಕರು, ಸೇನೆಯವರು. ಹೆಚ್ಚು ಕಡಿಮೆ ಎಲ್ಲರಿಗೂ ಎಲ್ಲರೂ ಗೊತ್ತಿದ್ದ ಊರು ಅದು. ಊರಲ್ಲಿ ಬಾಗಿಲಿಗೆ ಬೀಗ ಹಾಕುವ ರೂಢಿ ಇರಲಿಲ್ಲ.

ಎರಡು ಸರ್ವರ್‌ಗಳ ಮಾತುಕತೆ ಕನ್ನಡದಲ್ಲಿ ನಡೆದಿದ್ದರೆ ಹೀಗಿರುತ್ತಿತ್ತು. ಒಂದು ಹೇಳುತ್ತದೆ: "ನಮಸ್ಕಾರ, ನಾನು ಇಂಥ ಸರ್ವರ್." ಇನ್ನೊಂದು: "250, ಸರಿ." "ಇಂಥವರಿಂದ ಒಂದು ಮೇಲ್ ತಂದಿದ್ದೇನೆ." "250, ಸರಿ." "ಇಂಥವರಿಗೆ ಕೊಡಬೇಕು." "250, ಸರಿ." "ಈಗ ವಿಷಯ ಹೇಳಲೇ?" "354, ಹೇಳು. ಮುಗಿದ ಮೇಲೆ ಒಂದು ಸಾಲಿನಲ್ಲಿ ಚುಕ್ಕಿಯೊಂದನ್ನೇ ಇಡು." ಚುಕ್ಕಿ ಬಿತ್ತೆಂದರೆ ಮತ್ತೆ 250, ಮೇಲ್ ಹೋಯಿತು. ಈ ಸಂಖ್ಯೆಗಳು ನಿಜವಾದವು, ಪ್ರೋಗ್ರಾಂ ಬರೆಯುವವರು ದಿನಾ ನೋಡುವಂಥವು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. "ಇಂಥವರಿಂದ ತಂದಿದ್ದೇನೆ" ಎನ್ನುವುದು ಲಕೋಟೆಯ ಮೇಲಿನ ವಿಳಾಸ. ಆಮೇಲೆ ಹೇಳುವ ವಿಷಯದೊಳಗೆ 'ಫ್ರಮ್' ಎಂಬ ಇನ್ನೊಂದು ಸಾಲು ಇರುತ್ತದೆ, ಅದು ಲಕೋಟೆಯೊಳಗಿನ ಕಾಗದದ ಮೇಲೆ ಬರೆದ ವಿಳಾಸ. ನಿಮ್ಮ ಫೋನ್ ತೋರಿಸುವುದು ಈ ಒಳಗಿನ ಸಾಲನ್ನು. ಎರಡೂ ಒಂದೇ ಆಗಿರಬೇಕು ಎಂದು 1982ರ ನಿಯಮದಲ್ಲಿ ಎಲ್ಲೂ ಇಲ್ಲ. ಪಾಸ್‌ವರ್ಡ್ ಎಂಬ ಮಾತೂ ಇಲ್ಲ.

ಮಾವನಿಗೆ ಬಂದ ಮೇಲ್‌ನಲ್ಲಿ ಆಗಿದ್ದು ಇಷ್ಟೇ. ಯಾರೋ ಕಾಗದದ 'ಇಂದ' ಜಾಗದಲ್ಲಿ ಮಾವನ ವಿಳಾಸ ಬರೆದರು, 'ಗೆ' ಜಾಗದಲ್ಲೂ ಅದನ್ನೇ ಬರೆದರು.

ನನ್ನ 214 ಮೇಲ್‌ಗಳ ಕಥೆ

2022ರಲ್ಲಿ ಎಂ.ಎ. ಪ್ರಬಂಧಕ್ಕಾಗಿ 214 ಜನರಿಗೆ ಸಮೀಕ್ಷೆಯ ಲಿಂಕ್ ಕಳಿಸಬೇಕಿತ್ತು. ಪ್ರತಿಯೊಬ್ಬರಿಗೂ ಅವರ ಹೆಸರು ಹಾಕಿ, ಬೇರೆ ಬೇರೆ ಲಿಂಕ್ ಕೊಟ್ಟು. ಕೈಯಲ್ಲಿ ಮಾಡಿದರೆ ಎರಡು ದಿನದ ಕೆಲಸ. ಗೆಳತಿಯೊಬ್ಬಳು ಪೈಥಾನ್‌ನಲ್ಲಿ ಇಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆದುಕೊಟ್ಟಳು. ಎಕ್ಸೆಲ್ ಪಟ್ಟಿಯಿಂದ ಹೆಸರು ಓದು, ಮೇಲ್ ತಯಾರಿಸು, ಜಿಮೇಲ್ ಸರ್ವರ್‌ಗೆ ಹೋಗು, ಲಾಗಿನ್ ಆಗು, ಕಳಿಸು, ಎರಡು ಸೆಕೆಂಡ್ ನಿಲ್ಲು, ಮುಂದಿನ ಹೆಸರು. ಅಷ್ಟೇ. ಬ್ಯಾಂಕಿನ ಸ್ಟೇಟ್‌ಮೆಂಟ್, ರೈಲ್ವೆ ಟಿಕೆಟ್, ಕರೆಂಟ್ ಬಿಲ್ ನಿಮಗೆ ಮೇಲ್‌ನಲ್ಲಿ ಬರುವುದೂ ಇಂಥ ಪ್ರೋಗ್ರಾಂಗಳಿಂದಲೇ, ಅವು ಸ್ವಲ್ಪ ದೊಡ್ಡವು.

ಓಡಿಸಿದೆ. 535 ಎಂಬ ತಪ್ಪು ಬಂತು: ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಒಪ್ಪಿಗೆಯಾಗಿಲ್ಲ. ಪಾಸ್‌ವರ್ಡ್ ಸರಿಯಾಗಿಯೇ ಇತ್ತು, ಅದೇ ಪಾಸ್‌ವರ್ಡಿನಿಂದ ಪಕ್ಕದ ಕಿಟಕಿಯಲ್ಲಿ ಜಿಮೇಲ್ ತೆರೆದೇ ಇತ್ತು! ನೆಟ್‌ನಲ್ಲಿ ಹುಡುಕಿದರೆ ಸಿಕ್ಕ ಹಳೆಯ ಬರಹಗಳೆಲ್ಲ "ಲೆಸ್ ಸೆಕ್ಯೂರ್ ಆಪ್ಸ್ ಆನ್ ಮಾಡಿ" ಎನ್ನುತ್ತಿದ್ದವು. ಸೆಟ್ಟಿಂಗ್ಸ್‌ನಲ್ಲಿ ಆ ಆಯ್ಕೆಯೇ ಇಲ್ಲ. ಖಾಸಗಿ ಅಕೌಂಟ್‌ಗಳಿಗೆ ಗೂಗಲ್ ಅದನ್ನು 2022ರ ಮೇ 30ರಂದು ತೆಗೆದುಹಾಕಿತ್ತು. ನಾನು ಕುಳಿತದ್ದು ಜೂನ್‌ನಲ್ಲಿ.

ಕಾರಣ ಸರಳ. ನೀವು ಫೋನಿನಲ್ಲಿ ಲಾಗಿನ್ ಆಗುವಾಗ ಪಾಸ್‌ವರ್ಡ್ ಜೊತೆಗೆ ಗೂಗಲ್ ಇನ್ನೊಂದು ಖಾತ್ರಿ ಕೇಳಬಹುದು: ಒಟಿಪಿ, ಅಥವಾ "ಇದು ನೀವೇನಾ?" ಎಂಬ ಪ್ರಶ್ನೆ. ಸ್ಕ್ರಿಪ್ಟ್‌ಗೆ ಉತ್ತರಿಸಲು ಬರುವುದಿಲ್ಲ. ಬರೀ ಪಾಸ್‌ವರ್ಡ್ ಸಾಕು ಎಂದುಬಿಟ್ಟರೆ, ಎಲ್ಲೋ ಸೋರಿದ ಪಾಸ್‌ವರ್ಡ್ ಸಿಕ್ಕವನಿಗೂ ಅದೇ ಸಾಕು. ಹಾಗಾಗಿ ಈಗಿನ ದಾರಿ ಬೇರೆ. ಟೂ-ಸ್ಟೆಪ್ ವೆರಿಫಿಕೇಶನ್ ಆನ್ ಮಾಡಿಕೊಂಡು, ಆ ಸ್ಕ್ರಿಪ್ಟ್‌ಗೆಂದೇ 16 ಅಕ್ಷರಗಳ 'ಆಪ್ ಪಾಸ್‌ವರ್ಡ್' ಮಾಡಿಕೊಳ್ಳಬೇಕು. ಮನೆಯ ಬೀಗದ ಕೈ ಬದಲು ಕೆಲಸದವರಿಗೆಂದು ಬೇರೊಂದು ಕೈ ಮಾಡಿಸಿದ ಹಾಗೆ, ಬೇಡವಾದಾಗ ಅದೊಂದನ್ನೇ ರದ್ದು ಮಾಡಬಹುದು. ಮುಖ್ಯ ಪಾಸ್‌ವರ್ಡ್ ಬದಲಾಯಿಸಿದರೆ ಅದು ತಾನಾಗಿಯೇ ರದ್ದಾಗುತ್ತದೆ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಈ 16 ಅಕ್ಷರ ಇದ್ದವರು ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಬಹುದು, ಜೊತೆಗೆ ನಿಮ್ಮ ಇನ್‌ಬಾಕ್ಸ್ ಪೂರ್ತಿ ಓದಲೂಬಹುದು. ಒಟಿಪಿ ಯಾರಿಗೂ ಹೇಳಬಾರದು ಎಂದು ಈಗ ನಮ್ಮ ಅಜ್ಜಿಗೂ ಗೊತ್ತು. ಆಪ್ ಪಾಸ್‌ವರ್ಡ್ ಬಗ್ಗೆ ತಜ್ಞರೂ ಮೋಸ ಹೋಗಿದ್ದಾರೆ. 2025ರಲ್ಲಿ ರಷ್ಯಾ ವಿಷಯದ ಬ್ರಿಟಿಷ್ ತಜ್ಞರೊಬ್ಬರಿಗೆ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿಯ ಸೋಗಿನಲ್ಲಿ ಯಾರೋ ವಾರಗಟ್ಟಲೆ ವಿನಯದಿಂದ ಪತ್ರ ವ್ಯವಹಾರ ನಡೆಸಿ, "ನಮ್ಮ ಮೀಟಿಂಗ್ ವ್ಯವಸ್ಥೆಗೆ ಸೇರಲು ಬೇಕು" ಎಂದು ಆಪ್ ಪಾಸ್‌ವರ್ಡ್ ಮಾಡಿಸಿ, ಅದನ್ನು ತರಿಸಿಕೊಂಡರು. ನಂಬಿಕೆ ಹುಟ್ಟಿಸಲು ಸಿಸಿ ಸಾಲಿನಲ್ಲಿ ಆ ಇಲಾಖೆಯ ವಿಳಾಸಗಳನ್ನೇ ಹಾಕಿದ್ದರು. ಪಾಸ್‌ವರ್ಡ್ ಕದಿಯಬೇಕಾಗಲೇ ಇಲ್ಲ, ಕೇಳಿದರು, ಸಿಕ್ಕಿತು.

ನನ್ನ ಕಥೆಗೆ ಬರುತ್ತೇನೆ. ಆಪ್ ಪಾಸ್‌ವರ್ಡ್ ಹಾಕಿದ ಮೇಲೆ ಸ್ಕ್ರಿಪ್ಟ್ ಓಡಿತು. ಆದರೆ ನನಗೊಂದು ಆಸೆ. ಸಮೀಕ್ಷೆ ನನ್ನ ಖಾಸಗಿ ಜಿಮೇಲ್‌ನಿಂದ ಹೋದರೆ ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ? ವಿಭಾಗದ ವಿಳಾಸ ಬಳಸಲು ಮಾರ್ಗದರ್ಶಕರ ಒಪ್ಪಿಗೆ ಇತ್ತು. 'ಫ್ರಮ್' ಸಾಲಿನಲ್ಲಿ ಅದನ್ನು ಬರೆದು ಮೊದಲು ನನಗೇ ಒಂದು ಕಳಿಸಿಕೊಂಡೆ. ಬಂದದ್ದು ನೋಡಿದರೆ ಜಿಮೇಲ್ ಅದನ್ನು ಅಳಿಸಿ ನನ್ನ ವಿಳಾಸವನ್ನೇ ಹಾಕಿತ್ತು. "ಲಾಗಿನ್ ಆಗಿರುವುದು ನೀನು, ಬೇರೆಯವರ ವಿಳಾಸ ಹಾಕಲು ಬಿಡುವುದಿಲ್ಲ" ಎಂದಂತೆ. ಒಳ್ಳೆಯದೇ. ಆದರೆ ವಿಳಾಸದ ಮುಂದೆ ಬರೆಯುವ ಹೆಸರನ್ನು ಮಾತ್ರ ಅದು ಮುಟ್ಟಿರಲಿಲ್ಲ. ತಮಾಷೆಗೆ ಹೆಸರಿನ ಜಾಗದಲ್ಲಿ 'ಅಮ್ಮ' ಎಂದು ಬರೆದು ಮತ್ತೊಂದು ಕಳಿಸಿಕೊಂಡೆ. ಫೋನಿನ ನೋಟಿಫಿಕೇಶನ್‌ನಲ್ಲಿ 'ಅಮ್ಮ' ಎಂದೇ ಬಂತು, ವಿಳಾಸ ಎಲ್ಲೂ ಕಾಣಲಿಲ್ಲ. ಹೆಸರನ್ನು ಯಾರೂ ಪರೀಕ್ಷಿಸುವುದಿಲ್ಲ. ಫೋನ್ ಬಳಸುವವರು ಈ ಒಂದು ವಿಷಯ ನೆನಪಿಟ್ಟುಕೊಂಡರೂ ಅರ್ಧ ಮೋಸ ತಪ್ಪುತ್ತದೆ.

ಆಮೇಲೆ ಗೆಳೆಯನೊಬ್ಬ ತನ್ನ ವೆಬ್‌ಸೈಟಿಗಾಗಿ ಕೊಂಡಿದ್ದ ಅಗ್ಗದ ಹೋಸ್ಟಿಂಗ್‌ನ ಮೇಲ್ ಸರ್ವರ್ ಕೊಟ್ಟ. ಅದಕ್ಕೂ ಲಾಗಿನ್ ಬೇಕು, ಆದರೆ ಲಾಗಿನ್ ಆದ ಮೇಲೆ 'ಫ್ರಮ್'ನಲ್ಲಿ ಏನು ಬರೆದರೂ ಕೇಳದು. ವಿಭಾಗದ ವಿಳಾಸ ಹಾಕಿ 214 ಮೇಲ್ ಕಳಿಸಿದೆ. ಬಹುತೇಕ ಎಲ್ಲದಕ್ಕೂ 250, ಸರಿ, ಸರಿ, ಸರಿ. ಖುಷಿಯಿಂದ ಊಟಕ್ಕೆ ಹೋದೆ.

ವಾರದಲ್ಲಿ ಬಂದ ಉತ್ತರ ಹನ್ನೊಂದು. ಒಂದಿಷ್ಟು ಮೇಲ್‌ಗಳು 550 ಎಂಬ ಸಂಖ್ಯೆ ಹೊತ್ತು ತಿರಸ್ಕೃತವಾಗಿ ವಾಪಸ್ ಬಂದಿದ್ದವು. ಫೋನ್ ಮಾಡಿ ಕೇಳಿದವರಲ್ಲಿ ಹೆಚ್ಚಿನವರು ಸ್ಪ್ಯಾಮ್ ಫೋಲ್ಡರಿನಿಂದ ಅದನ್ನು ಹೆಕ್ಕಿ ತೆಗೆದರು. ಒಬ್ಬ ಹಿರಿಯ ಪತ್ರಕರ್ತರು, "ಇದು ಫೇಕ್ ಮೇಲ್ ಅಂತ ಕೆಂಪಗೆ ಬಂದಿತ್ತಮ್ಮ, ಓಪನ್ ಮಾಡ್ಲಿಲ್ಲ" ಎಂದರು. ನನಗೆ ಅವಮಾನವಾಯಿತು. ಲಾಗಿನ್ ಆಗಿಯೇ ಕಳಿಸಿದ್ದೇನಲ್ಲ, ಫೇಕ್ ಹೇಗೆ?

ತಪ್ಪು ನನ್ನದೇ. ಎರಡು ಬೇರೆ ಬೇರೆ ಪ್ರಶ್ನೆಗಳನ್ನು ನಾನು ಒಂದೇ ಎಂದುಕೊಂಡಿದ್ದೆ. ಕಳಿಸುವ ಸರ್ವರ್ ಕೇಳುವುದು "ನನ್ನನ್ನು ಬಳಸಲು ನಿನಗೆ ಹಕ್ಕಿದೆಯೇ?" ಎಂದು. ಅದಕ್ಕೆ ಪಾಸ್‌ವರ್ಡ್ ಉತ್ತರ. ಮೇಲ್ ಪಡೆಯುವ ಸರ್ವರ್ ಕೇಳುವುದು "ಈ ವಿಳಾಸದ ಹೆಸರಿನಲ್ಲಿ ಮೇಲ್ ತರಲು ನಿನಗೆ ಹಕ್ಕಿದೆಯೇ?" ಎಂದು. ಗೆಳೆಯನ ಸರ್ವರ್‌ನ ಪಾಸ್‌ವರ್ಡ್ ಅದಕ್ಕೆ ಉತ್ತರವಲ್ಲ. ಪಡೆಯುವವರ ಕಣ್ಣಿಗೆ ನಾನೂ, ಮಾವನನ್ನು ಹೆದರಿಸಿದವನೂ ಮಾಡಿದ್ದು ಒಂದೇ ಕೆಲಸ.

ಪಡೆಯುವ ಸರ್ವರ್ ಏನು ನೋಡುತ್ತದೆ?

ಇಮೇಲ್ ವಿಳಾಸದಲ್ಲಿ 'ಅಟ್' ಚಿಹ್ನೆಯ ನಂತರ ಬರುವುದು ಡೊಮೈನ್. ಪ್ರತಿ ಡೊಮೈನ್‌ಗೂ ಯಾರು ಬೇಕಾದರೂ ಓದಬಹುದಾದ ಒಂದು ಸಾರ್ವಜನಿಕ ದಾಖಲೆ ಇರುತ್ತದೆ, ಡಿಎನ್‌ಎಸ್ ಎನ್ನುತ್ತಾರೆ. ಅದರಲ್ಲಿ ಬರೆಯುವ ಹಕ್ಕು ಡೊಮೈನ್ ಒಡೆಯರಿಗೆ ಮಾತ್ರ. ಪರೀಕ್ಷೆಗಳೆಲ್ಲ ನಿಂತಿರುವುದು ಈ ದಾಖಲೆಯ ಮೇಲೆ.

ಮೊದಲನೆಯದು ಎಸ್‌ಪಿಎಫ್. ಅಪಾರ್ಟ್‌ಮೆಂಟ್ ಗೇಟಿನಲ್ಲಿ ವಾಚ್‌ಮನ್ ಹತ್ತಿರ ಗಾಡಿ ನಂಬರುಗಳ ಪಟ್ಟಿ ಇರುತ್ತದಲ್ಲ, ಹಾಗೆ. "ನಮ್ಮ ಡೊಮೈನ್‌ನ ಮೇಲ್ ತರುವುದು ಈ ಸರ್ವರ್‌ಗಳು ಮಾತ್ರ" ಎಂದು ಒಡೆಯರು ಬರೆದಿಡುತ್ತಾರೆ. ನಮ್ಮ ವಿಭಾಗದ ಪಟ್ಟಿಯಲ್ಲಿ ನನ್ನ ಗೆಳೆಯನ ಸರ್ವರ್ ಇರಲು ಸಾಧ್ಯವೇ ಇರಲಿಲ್ಲ. ಇದರ ಕೊರತೆ ಎಂದರೆ ಅದು ಪರೀಕ್ಷಿಸುವುದು ಲಕೋಟೆಯ ಮೇಲಿನ ವಿಳಾಸವನ್ನು, ನಿಮಗೆ ಕಾಣುವ ವಿಳಾಸವನ್ನಲ್ಲ. ಜೊತೆಗೆ, ನಡುವೆ ಯಾರಾದರೂ ಮೇಲನ್ನು ಬೇರೆ ಸರ್ವರ್ ಮೂಲಕ ಮುಂದೆ ಕಳಿಸಿದರೆ ಅಸಲಿ ಮೇಲ್ ಕೂಡ ಫೇಲ್ ಆಗಬಹುದು.

ಎರಡನೆಯದು ಡಿಕಿಮ್. ಹಿಂದೆ ದಸ್ತಾವೇಜಿಗೆ ಅರಗಿನ ಮುದ್ರೆ ಒತ್ತುತ್ತಿದ್ದರಲ್ಲ, ಇದು ಗಣಿತದ ಮುದ್ರೆ. ಕಳಿಸುವ ಸರ್ವರ್ ತನ್ನ ಗುಟ್ಟಿನ ಕೀಲಿಯಿಂದ ಮೇಲ್‌ಗೆ ಸಹಿ ಹಾಕುತ್ತದೆ, ಅದನ್ನು ತಾಳೆ ನೋಡುವ ಕೀಲಿಯನ್ನು ಡಿಎನ್‌ಎಸ್‌ನಲ್ಲಿ ಬಹಿರಂಗವಾಗಿ ಇಡುತ್ತದೆ. ಸಹಿ ಮಾಡಿದ ಭಾಗದಲ್ಲಿ ಒಂದಕ್ಷರ ಬದಲಾದರೂ ಮುದ್ರೆ ಒಡೆದಂತೆ.

ಕೀಲಿ ಗಟ್ಟಿಯಾಗಿರಬೇಕು, ಅಷ್ಟೇ. ಅಮೆರಿಕದ ಗಣಿತಜ್ಞ ಝಕರಿ ಹ್ಯಾರಿಸ್ ಅವರಿಗೆ 2011ರ ಕೊನೆಯಲ್ಲಿ ಗೂಗಲ್‌ನಿಂದ ಕೆಲಸದ ಬಗ್ಗೆ ಒಂದು ಮೇಲ್ ಬಂತು. ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಹೋದರೆ ಗೂಗಲ್ ಬಳಸುತ್ತಿದ್ದ ಕೀಲಿ ಬರೀ 512 ಬಿಟ್‌ನದು. ಇದು ತನ್ನ ಜಾಣತನ ಪರೀಕ್ಷಿಸುವ ಒಗಟೇ ಇರಬೇಕೆಂದು ಅವರು ಭಾವಿಸಿ, ಬಾಡಿಗೆ ಕಂಪ್ಯೂಟರ್‌ಗಳಲ್ಲಿ ಸುಮಾರು 75 ಡಾಲರ್ ಖರ್ಚು ಮಾಡಿ ಮೂರು ದಿನದಲ್ಲಿ ಕೀಲಿ ಒಡೆದರು. ಆಮೇಲೆ ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸರ್ಗೇ ಬ್ರಿನ್ ಹೆಸರಿನಲ್ಲಿ ಇನ್ನೊಬ್ಬ ಸ್ಥಾಪಕ ಲ್ಯಾರಿ ಪೇಜ್‌ಗೆ ಮೇಲ್ ಕಳಿಸಿದರು! ಉತ್ತರ ಬರಲಿಲ್ಲ. ಎರಡು ದಿನದಲ್ಲಿ ಗೂಗಲ್‌ನ ಕೀಲಿ 2048 ಬಿಟ್‌ಗೆ ಬದಲಾಗಿತ್ತು. ಅದು ಒಗಟಾಗಿರಲಿಲ್ಲ.

ಮೂರನೆಯದು ಡಿಮಾರ್ಕ್, 2012ರಲ್ಲಿ ದೊಡ್ಡ ಕಂಪನಿಗಳೆಲ್ಲ ಸೇರಿ ಪ್ರಕಟಿಸಿದ್ದು. ಇದು ಹೊಸ ಮುದ್ರೆಯಲ್ಲ, ಮೊದಲಿನ ಎರಡನ್ನೂ ನಿಮ್ಮ ಕಣ್ಣಿಗೆ ಕಾಣುವ 'ಫ್ರಮ್' ವಿಳಾಸಕ್ಕೆ ಕಟ್ಟಿಹಾಕುವ ಹಗ್ಗ. ಪಾಸಾದ ಎಸ್‌ಪಿಎಫ್ ಅಥವಾ ಡಿಕಿಮ್ ನಿಮಗೆ ಕಾಣುವ ಡೊಮೈನ್‌ನದೇ ಆಗಿರಬೇಕು. ಆಗಿರದಿದ್ದರೆ ಏನು ಮಾಡಬೇಕೆಂದೂ ಒಡೆಯರೇ ಹೇಳಿರುತ್ತಾರೆ: ಸುಮ್ಮನಿರಿ, ಸ್ಪ್ಯಾಮ್‌ಗೆ ಹಾಕಿ, ಅಥವಾ ಒಳಗೇ ಬಿಡಬೇಡಿ. 2024ರ ಫೆಬ್ರವರಿಯಿಂದ ಜಿಮೇಲ್ ವಿಳಾಸಗಳಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸುವವರು ಈ ಮೂರನ್ನೂ ಇಟ್ಟುಕೊಳ್ಳಲೇಬೇಕು ಎಂದು ಗೂಗಲ್ ನಿಯಮ ಮಾಡಿತು. ಯಾಹೂ ಕೂಡ ಇಂಥದ್ದೇ ನಿಯಮ ತಂದಿತು.

ಹಾಗಾದರೆ ಮಾವನಿಗೆ ಆ ಮೇಲ್ ಹೇಗೆ ತಲುಪಿತು?

ಅವರ ಅಂಗಡಿಯ ಡೊಮೈನ್ ಎಂಟು ವರ್ಷದ ಹಿಂದೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನೊಬ್ಬ ಕೊಂಡುಕೊಟ್ಟದ್ದು. ಅದರ ದಾಖಲೆ ತೆರೆದು ನೋಡಿದೆ. ಎಸ್‌ಪಿಎಫ್ ಇಲ್ಲ, ಡಿಕಿಮ್ ಇಲ್ಲ, ಡಿಮಾರ್ಕ್ ಇಲ್ಲ. ಗೇಟ್ ಇದೆ, ವಾಚ್‌ಮನ್ ಇದ್ದಾನೆ, ಕೈಯಲ್ಲಿ ಪಟ್ಟಿಯೇ ಇಲ್ಲ. ಆ ಬೆದರಿಕೆ ಮೇಲ್‌ನ ಪೂರ್ತಿ ಹೆಡರ್ ತರಿಸಿಕೊಂಡು ಓದಿದಾಗ, ಅದು ಹೊರಟಿದ್ದು ಮಾವನ ಮೇಲ್ ಸರ್ವರ್‌ನಿಂದ ಅಲ್ಲ, ಬೇರೆ ದೇಶದ ಸಂಬಂಧವೇ ಇಲ್ಲದ ಒಂದು ಸರ್ವರ್‌ನಿಂದ ಎಂಬುದು ಸ್ಪಷ್ಟವಿತ್ತು.

"ಅಂದ್ರೆ ಎಂತ ಹೆದರಿಕೆ ಇಲ್ಲ ಅಲ್ದಾ?" ಎಂದರು ಮಾವ, ನಿಟ್ಟುಸಿರು ಬಿಟ್ಟು.

ವಿಡಿಯೋ ಬಗ್ಗೆ ಹೆದರಿಕೆ ಇಲ್ಲ ಎಂದೆ. ಆದರೆ ಇನ್ನೊಂದಿತ್ತು. "ಮಾವ, ನಿಮ್ಮ ಐಡಿ ಹಾಕಿ ನಿಮಗೇ ಮೇಲ್ ಕಳಿಸಕ್ಕೆ ಆಗತ್ತೆ ಅಂದ್ರೆ, ನಿಮ್ಮ ಗಿರಾಕಿಗಳಿಗೂ ಕಳಿಸಕ್ಕೆ ಆಗತ್ತೆ. ಪೈಪಿನ ಬಾಕಿ ದುಡ್ಡು ಇನ್ಮೇಲೆ ಈ ಹೊಸ ಅಕೌಂಟಿಗೆ ಹಾಕಿ ಅಂತ ಬರೆದ್ರೆ?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಅವರ ಗಿರಾಕಿಗಳಲ್ಲಿ ತೋಟದವರು, ಸಹಕಾರ ಸಂಘದವರು, ಗುತ್ತಿಗೆದಾರರು ಇದ್ದಾರೆ. ಕೆಲವರದು ಲಕ್ಷಗಟ್ಟಲೆ ಬಾಕಿ, ಬಿಲ್ ಹೋಗುವುದೂ ಆ ಮೇಲ್‌ನಿಂದಲೇ. ಫಾರ್ವರ್ಡ್ ಹೇಳಿದಂತೆ ಮಾವ ಫೋನ್ ರೀಸೆಟ್ ಮಾಡಿದ್ದರೆ ಅದರಲ್ಲಿದ್ದ ಫೋಟೋಗಳು ಹೋಗುತ್ತಿದ್ದವು, ಬಾಗಿಲು ಮಾತ್ರ ಹಾಗೇ ತೆರೆದಿರುತ್ತಿತ್ತು.

ನಿಮ್ಮ ಫೋನಿನಲ್ಲಿ ನೋಡುವುದು ಹೇಗೆ?

ಆಂಡ್ರಾಯ್ಡ್ ಫೋನಿನ ಜಿಮೇಲ್ ಆಪ್‌ನಲ್ಲಿ ಮೇಲ್ ತೆರೆದು, ಕಳಿಸಿದವರ ಹೆಸರಿನ ಕೆಳಗೆ 'ಟು ಮಿ' ಎಂದಿರುವಲ್ಲಿ ಒತ್ತಿ. ಪೂರ್ತಿ ವಿಳಾಸ ಕಾಣುತ್ತದೆ. ಅಲ್ಲೇ ಸೆಕ್ಯುರಿಟಿ ವಿವರಗಳನ್ನು ತೆರೆದರೆ 'ಮೇಲ್ಡ್ ಬೈ', 'ಸೈನ್ಡ್ ಬೈ' ಎಂಬ ಸಾಲುಗಳಿರುತ್ತವೆ. ಮೊದಲನೆಯದು ಲಕೋಟೆ, ಎರಡನೆಯದು ಮುದ್ರೆ. ಬ್ಯಾಂಕಿನ ಮೇಲ್ ಆಗಿದ್ದರೆ ಮುದ್ರೆ ಬ್ಯಾಂಕಿನ ಡೊಮೈನ್‌ನದೇ ಇರಬೇಕು. ಕಂಪ್ಯೂಟರ್‌ನಲ್ಲಾದರೆ ಮೂರು ಚುಕ್ಕೆಗಳ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿದರೆ ಮೂರೂ ಪರೀಕ್ಷೆಗಳ ಫಲಿತಾಂಶ ಪಾಸ್, ಫೇಲ್ ಎಂದು ಮೇಲೆಯೇ ಬರೆದಿರುತ್ತದೆ. ಕಳಿಸಿದವರ ಚಿತ್ರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ, ಆ ವಿಳಾಸ ಅಸಲಿ ಎಂದು ಜಿಮೇಲ್‌ಗೆ ಖಾತ್ರಿಯಾಗಿಲ್ಲ ಎಂದರ್ಥ.

ಪಾಸ್ ಎಂದಾಕ್ಷಣ ಮೇಲ್ ಒಳ್ಳೆಯದು ಎಂದೂ ತಿಳಿಯಬೇಡಿ. ನಿಮ್ಮ ಬ್ಯಾಂಕಿನ ಹೆಸರಿಗೆ ಒಂದಕ್ಷರ ಹೆಚ್ಚು ಸೇರಿಸಿ ಯಾರಾದರೂ ಹೊಸ ಡೊಮೈನ್ ಕೊಂಡರೆ, ಅದಕ್ಕೆ ಮೂರೂ ದಾಖಲೆಗಳನ್ನು ನೀಟಾಗಿ ಬರೆದುಕೊಳ್ಳಬಹುದು, ಎಲ್ಲವೂ ಪಾಸ್ ಆಗುತ್ತದೆ. ಮೇಲ್ ಆ ಡೊಮೈನ್‌ನಿಂದ ಬಂದಿದೆ ಎಂದಷ್ಟೇ ಪಾಸ್ ಹೇಳುವುದು, ಡೊಮೈನ್ ಯಾರದು ಎಂದಲ್ಲ. ಇದೇ ಕಾರಣಕ್ಕೆ ರಿಸರ್ವ್ ಬ್ಯಾಂಕ್ ನಮ್ಮ ದೇಶದ ಬ್ಯಾಂಕ್‌ಗಳಿಗೆಂದೇ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ಡೊಮೈನ್ ತಂದು, 2025ರ ಅಕ್ಟೋಬರ್ 31ರೊಳಗೆ ಅದಕ್ಕೆ ಬದಲಾಗುವಂತೆ ಬ್ಯಾಂಕ್‌ಗಳಿಗೆ ಹೇಳಿತು. ಕಂಡಕಂಡವರು ಅದನ್ನು ಕೊಳ್ಳಲಾಗುವುದಿಲ್ಲ.

ಅಕೌಂಟ್ ನಿಜವಾಗಿಯೂ ಹ್ಯಾಕ್ ಆಗಿದ್ದರೆ ಕುರುಹುಗಳು ಬೇರೆ ಕಡೆ ಇರುತ್ತವೆ. ನೀವು ಕಳಿಸದ ಮೇಲ್ 'ಸೆಂಟ್' ಫೋಲ್ಡರಿನಲ್ಲಿ ಇದೆಯೇ, ನಿಮ್ಮದಲ್ಲದ ಫೋನ್ ಅಥವಾ ಕಂಪ್ಯೂಟರ್ ಲಾಗಿನ್ ಪಟ್ಟಿಯಲ್ಲಿ ಇದೆಯೇ, ನಿಮಗೆ ಗೊತ್ತಿಲ್ಲದಂತೆ ಮೇಲ್‌ಗಳು ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುತ್ತಿವೆಯೇ ನೋಡಿ. ಇದ್ದರೆ ಪಾಸ್‌ವರ್ಡ್ ಬದಲಾಯಿಸಿ, ಎಲ್ಲ ಕಡೆಯಿಂದ ಲಾಗ್ಔಟ್ ಮಾಡಿ, ಟೂ-ಸ್ಟೆಪ್ ಆನ್ ಮಾಡಿ. ಕಳ್ಳ ಹೋಗುವ ಮುನ್ನ 'ಸೆಂಟ್' ಫೋಲ್ಡರ್ ಅಳಿಸಿರಲೂಬಹುದು, ಆದ್ದರಿಂದ ಒಂದನ್ನೇ ನೋಡಿ ಸುಮ್ಮನಾಗಬೇಡಿ.

ಇಂಥ ಕೆಲವು ಬೆದರಿಕೆ ಮೇಲ್‌ಗಳಲ್ಲಿ ನಿಮ್ಮ ಹಳೆಯ ಪಾಸ್‌ವರ್ಡನ್ನೇ ಬರೆದಿರುತ್ತಾರೆ. ಅದನ್ನು ಕಂಡರೆ ಎದೆ ಧಸಕ್ ಎನ್ನುತ್ತದೆ, ನಿಜ. ಅದು ಎಂದೋ ಯಾವುದೋ ವೆಬ್‌ಸೈಟಿನಿಂದ ಸೋರಿದ್ದು. 2012ರಲ್ಲಿ ಲಿಂಕ್ಡ್‌ಇನ್‌ನಿಂದ ಕಳವಾದ ಪಾಸ್‌ವರ್ಡ್‌ಗಳು 2016ರಲ್ಲಿ ಕೋಟಿಗಟ್ಟಲೆ ಲೆಕ್ಕದಲ್ಲಿ ಮಾರಾಟಕ್ಕೆ ಬಂದಿದ್ದವು. ಆ ಪಾಸ್‌ವರ್ಡ್ ಇಂದಿಗೂ ಎಲ್ಲಾದರೂ ಬಳಸುತ್ತಿದ್ದರೆ ಇವತ್ತೇ ಬದಲಾಯಿಸಿ. ಹಣ ಕಳಿಸಬೇಡಿ, ಉತ್ತರವನ್ನೂ ಬರೆಯಬೇಡಿ. ಹಣ ಹೋಗಿಬಿಟ್ಟಿದ್ದರೆ 1930ಕ್ಕೆ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಫೋನ್ ಮಾಡಿ.

ಮಾವನ ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಡೊಮೈನ್‌ನ ಲಾಗಿನ್ ಅವನ ಹತ್ತಿರವೇ ಉಳಿದಿತ್ತು, ಅದನ್ನು ಹುಡುಕಿಸುವುದಕ್ಕೇ ಎರಡು ದಿನ ಬೇಕಾಯಿತು. ದಾಖಲೆ ಸೇರಿಸುವ ಕೆಲಸ ಅರ್ಧ ಗಂಟೆಯದು. ಡಿಮಾರ್ಕ್ ಅನ್ನು ಮೊದಲೇ 'ಒಳಗೆ ಬಿಡಬೇಡಿ' ಎಂದು ಇಡಲಿಲ್ಲ. ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತನ್ನದೇ ಬೇರೆ ಸರ್ವರ್‌ನಿಂದ ಮೇಲ್ ಕಳಿಸುತ್ತಿತ್ತು, ಅದನ್ನು ಪಟ್ಟಿಗೆ ಸೇರಿಸದೆ ಬಾಗಿಲು ಹಾಕಿದ್ದರೆ ಮಾವನ ಬಿಲ್‌ಗಳೇ ಹೊರಗುಳಿಯುತ್ತಿದ್ದವು. ಒಂದು ತಿಂಗಳು ವರದಿ ಮಾತ್ರ ತರಿಸಿಕೊಂಡು, ಎಲ್ಲ ಸರಿಯಿದೆ ಎಂದಾದ ಮೇಲೆ ಬಿಗಿ ಮಾಡಿದೆವು. ಈ ವರದಿ ಡಿಮಾರ್ಕ್‌ನ ಇನ್ನೊಂದು ಉಪಕಾರ. ನಿಮ್ಮ ಡೊಮೈನ್ ಹೆಸರಿನಲ್ಲಿ ಯಾವ ಸರ್ವರ್‌ನಿಂದ ಎಷ್ಟು ಮೇಲ್ ಬಂತು, ಎಷ್ಟು ಪಾಸ್, ಎಷ್ಟು ಫೇಲ್ ಎಂದು ದೊಡ್ಡ ಮೇಲ್ ಕಂಪನಿಗಳು ದಿನಾ ಲೆಕ್ಕ ಕಳಿಸುತ್ತವೆ.

ಮೊದಲ ವಾರದ ಲೆಕ್ಕದಲ್ಲಿ ಮಾವನ ಸರ್ವರ್, ಬಿಲ್ಲಿಂಗ್‌ನವರ ಸರ್ವರ್ ಬಿಟ್ಟು ನಮಗೆ ಪರಿಚಯವಿಲ್ಲದ ಇನ್ನೂ ನಾಲ್ಕು ವಿಳಾಸಗಳಿದ್ದವು. ಮಾವ ಅದನ್ನು ಪ್ರಿಂಟ್ ತೆಗೆಸಿ ಅಂಗಡಿಯ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದಾರೆ. ಬಾಕಿ ಇರುವ ಗಿರಾಕಿಗಳಿಗೆಲ್ಲ ತಾವೇ ಫೋನ್ ಮಾಡಿ, "ಅಕೌಂಟ್ ನಂಬರ್ ಬದಲಾಗಿದೆ ಅಂತ ನನ್ನ ಹೆಸರಲ್ಲಿ ಎಂತಾದ್ರೂ ಬಂದ್ರೆ ನಂಗೊಂದು ಫೋನ್ ಮಾಡಿ" ಎಂದು ಹೇಳಿದ್ದಾರೆ. ಗ್ರೂಪಿಗೂ ಬರೆದರು, ಆ ಫಾರ್ವರ್ಡ್ ಸುಳ್ಳು ಎಂದು. ನಿಮಗೆ ಹೇಗೆ ಗೊತ್ತಾಯಿತು ಎಂದು ಅತ್ತೆ ಕೇಳಿದ್ದಕ್ಕೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.